ಗುಲಖೈರಾ ಹೂ ಬಿಡುವ ತನಕ

ಖಾನಾಪುರ
28 ನವೆಂಬರ್ 1999

ಚಿ. ಸ್ನೇಹಲಳಿಗೆ ಅಪ್ಪನ ಆಶೀರ್ವಾದಗಳು.

ದೀಪಾವಳಿಗೆ ಬಂದಾಗ ನೀನು ಹಿತ್ತಲಲ್ಲಿ ಊರಿಹೋದ ಗುಲಖೈರಾ ಬೀಜಗಳಲ್ಲಿ ನಾಲ್ಕು ಮೊಳೆತಿವೆ. ಊರಿದ್ದು ಹನ್ನೆರಡು. ಮೂರು ಸಸಿ ಗೋಡೆಯ ಪಕ್ಕ ಸಾಲಾಗಿವೆ. ನಾಲ್ಕನೆಯದು ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಎದ್ದಿದೆ. ಅಲ್ಲಿ ಯಾರೂ ಊರಿರಲಿಲ್ಲ. ನೀನು ಕೈ ತೊಳೆಯುವಾಗ ಜಾರಿ ಬಿದ್ದದ್ದಿರಬೇಕು.

ಇವತ್ತಿನ ಎತ್ತರ ಒಂದೂವರೆ ಇಂಚು. ನಾನು ಟೇಪು ಹಿಡಿದು ಕೂತದ್ದನ್ನು ಬಾಜು ಮನೆಯ ರೇಣವ್ವ ಗೋಡೆಯ ಮೇಲಿಂದ ನೋಡಿದಳು. "ಏನ್ರೀ ಕಾಕಾ, ಮೂವತ್ತು ವರ್ಷ ಡಿಪೋದಾಗ ಕಡದ ಮರ ಅಳದ್ರಿ. ಈಗ ಮೊಳಕಿ ಅಳ್ಯಾಕತ್ತೀರಿ? ಪೆನ್ಶನ್ ಸಾಲವಲ್ದೇನು?" ಎಂದಳು. ಮೂವತ್ತೆರಡು ವರ್ಷ ಎಂದು ತಿದ್ದಿದೆ.

ಬೆಳಗಾವಿ ಕ್ಯಾಂಪಿನ ಆ ಹಂಚಿನ ಬಂಗಲೆಯ ಅಜ್ಜಿ ನಿನಗೆ ಬೀಜ ಕೊಟ್ಟದ್ದು ಸೆಪ್ಟೆಂಬರಿನಲ್ಲಿ. ಊರುವ ಕಾಲವೂ ಅದೇ ಎಂದು ಆಕೆ ಹೇಳಿದ್ದಳಂತೆ. ಆದರೆ ಚಾತುರ್ಮಾಸ ಮುಗಿಯದೆ ಮಣ್ಣು ಕೆದರಲು ನಿನ್ನ ಅವ್ವ ಬಿಡಲಿಲ್ಲ. "ಮಳಿಗಾಲದಾಗ ಒಂದು ಹಿಡಿ ಮಣ್ಣಾಗ ಎಷ್ಟ ಜೀವ ಇರತಾವು, ಗೊತ್ತೈತೇನ? ಹೂವಿಗೆ ಕಾಯಾಕ ಬರತೈತಿ, ಜೀವಕ್ಕ ಬರೂದಿಲ್ಲ" ಎಂದಳು. ಹೀಗಾಗಿ ಎರಡು ತಿಂಗಳು ತಡವಾಗಿದೆ.

ನಾವಿಬ್ಬರೂ ಆಡಿದ ಮಾತನ್ನು ಬರೆದಿಡುವುದು ಒಳ್ಳೆಯದು. ತಂದೆ ತಾಯಿ ಇಬ್ಬರೂ ಬರೆದು ಒಪ್ಪಿದರೆ ಮಾತ್ರ ನಿನಗೆ ಆರ್ಯಿಕಾ ದೀಕ್ಷೆ, ಅಂದರೆ ಜೈನ ಸಂನ್ಯಾಸ, ಕೊಡುವುದಾಗಿ ಮಾತಾಜಿಯವರು ಹೇಳಿದ್ದಾರೆ. ನಿನ್ನ ಅವ್ವ ಅಂದೇ ಕಾಗದದ ಕೆಳಗೆ ಸಹಿ ಮಾಡಿದಳು. "ಧರ್ಮಕ್ಕ ಹೊಂಟ ಮಗಳನ್ನ ಹಿಡದ ನಿಂದರಬ್ಯಾಡ್ರಿ" ಎಂದು ನನಗೆ ಹೇಳಿದಳು. ನಾನು ಹೇಳಿದ್ದು ಇಷ್ಟು: ನೀನು ಹಚ್ಚಿದ ಗಿಡ ಹೂ ಬಿಡಲಿ, ಆ ದಿನ ಬರೆದು ಕೊಡುತ್ತೇನೆ. ನೀನು ಒಪ್ಪಿದೆ. ಕಾಗದ ಟ್ರಂಕಿನಲ್ಲಿದೆ. ಕೆಳಗೆ ಅವಳ ಸಹಿ ಇದೆ, ಮೇಲೆಲ್ಲ ಖಾಲಿ.

ಇತಿ,
ಪಾಯಪ್ಪ


ನೆಹರು ನಗರ, ಬೆಳಗಾವಿ
16 ಜನವರಿ 2000

ತೀರ್ಥರೂಪ ಅಪ್ಪನಿಗೆ ಸ್ನೇಹಲಳ ನಮಸ್ಕಾರಗಳು.

ನಿಮ್ಮ ಮೂರು ಪತ್ರಗಳೂ ಬಂದವು. ಎಲೆಗಳು ಅಂಗೈಯಷ್ಟಾಗಿವೆ ಎಂದು ಓದಿ ಸಂತೋಷವಾಯಿತು. ಬೇರು ನೇರ ಕೆಳಗಿಳಿಯುವ ಗಿಡವಂತೆ, ಕಿತ್ತು ಬೇರೆ ಕಡೆ ನೆಟ್ಟರೆ ಬದುಕುವುದಿಲ್ಲ ಎಂದು ಕ್ಯಾಂಪಿನ ಅಜ್ಜಿ ಹೇಳಿದರು. ಆದ್ದರಿಂದ ಕಲ್ಲಿನ ಹಿಂದಿನದನ್ನು ಸಾಲಿಗೆ ತರಬೇಡಿ. ಅದು ಇದ್ದಲ್ಲೇ ಇರಲಿ.

ನಾನು ಯಾಕೆ ಹೊರಟಿದ್ದೇನೆ ಎಂದು ನೀವು ಒಮ್ಮೆಯೂ ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ. ಸಾಂಗಲಿಯ ಸಂಬಂಧ ಮುರಿದದ್ದಕ್ಕೆ ಅಲ್ಲ. ಅವ್ವನ ಮನಸ್ಸಿನಲ್ಲಿ ಅದೇ ಇದೆ ಎಂದು ಬಲ್ಲೆ. ಆಸ್ಪತ್ರೆಯ ಲ್ಯಾಬಿನಲ್ಲಿ ದಿನಕ್ಕೆ ನಲವತ್ತು ಐವತ್ತು ಜನರ ರಕ್ತ ತೆಗೆಯುತ್ತೇನೆ. ಪ್ರತಿಯೊಬ್ಬರೂ ಸೂಜಿಯನ್ನಲ್ಲ, ನನ್ನ ಮುಖವನ್ನು ನೋಡುತ್ತಾರೆ. ಫಲಿತಾಂಶ ನನ್ನ ಮುಖದಲ್ಲಿ ಇರುವ ಹಾಗೆ. ಐದು ವರ್ಷ ಏನೂ ಗೊತ್ತಿಲ್ಲದ ಮುಖ ಹೊತ್ತುಕೊಂಡೆ. ಹೋದ ವರ್ಷ ಬಸದಿಯಲ್ಲಿ ಮಾತಾಜಿಯವರನ್ನು ನೋಡಿದಾಗ ಅವರು ಏನೂ ಕೇಳಲಿಲ್ಲ. "ಕೂಡವ್ವಾ, ದಣದೀ" ಎಂದರು. ಅಷ್ಟೇ. ಅವರಿಗೆ ಎಪ್ಪತ್ತೆಂಟು ವರ್ಷ. ಯಾರಿಂದಾದರೂ ದೀಕ್ಷೆ ತೆಗೆದುಕೊಳ್ಳುವುದಾದರೆ ಅವರ ಕೈಯಿಂದಲೇ ಎಂದು ಅಂದೇ ತೀರ್ಮಾನಿಸಿದೆ.

ಅವರ ಸಂಘ ಈಗ ನಿಪ್ಪಾಣಿಯ ಕಡೆ ಕಾಲ್ನಡಿಗೆಯ ವಿಹಾರದಲ್ಲಿದೆ. ಬೇಸಿಗೆಯಲ್ಲಿ ಹೂ ಬಂದರೆ ಸರಿ. ನನಗೆ ಅವಸರವಿಲ್ಲ.

ನಿಮ್ಮ ಮಗಳು,
ಸ್ನೇಹಲ


ಖಾನಾಪುರ
17 ಏಪ್ರಿಲ್ 2000

ಚಿ. ಸ್ನೇಹಲಳಿಗೆ ಆಶೀರ್ವಾದಗಳು.

ಎಲೆ ಬಿಟ್ಟರೆ ಬೇರೇನೂ ಬಂದಿಲ್ಲ. ಒಂದೊಂದು ಎಲೆ ಕುಂಬಳದ ಎಲೆಯಷ್ಟು ಅಗಲವಾಗಿದೆ, ಆದರೆ ನಡುವೆ ಕಾಂಡವೇ ಎದ್ದಿಲ್ಲ. ತೋಟಗಾರಿಕೆ ಕಚೇರಿಯಿಂದ ಒಂದು ಚೀಟಿ ತಂದು ಓದಿದೆ. ತಡವಾಗಿ ಊರಿದ ಗುಲಖೈರಾ ಮೊದಲ ವರ್ಷ ಎಲೆ ಮಾತ್ರ ಕೊಡುತ್ತದೆ, ಹೂ ಬರುವುದು ಎರಡನೆಯ ವರ್ಷ ಎಂದಿದೆ.

ನಾನು ಇದನ್ನು ಓದಿ ಹೇಳಿದಾಗ ನಿನ್ನ ಅವ್ವ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಅಂದ್ರ ಇನ್ನೊಂದ ವರ್ಷ ಮನ್ಯಾಗ ಮಗಳ ಇದ್ದಾಳ ಅನ್ರಿ" ಎಂದಳು. ಅವಳ ದನಿ ಯಾವ ಬಗೆಯದೆಂದು ನನಗೆ ತಿಳಿಯಲಿಲ್ಲ.

ಇತಿ,
ಪಾಯಪ್ಪ


ಖಾನಾಪುರ
15 ಸೆಪ್ಟೆಂಬರ್ 2000

ಚಿ. ಸ್ನೇಹಲಳಿಗೆ ಆಶೀರ್ವಾದಗಳು.

ಪರ್ಯುಷಣ ಮುಗಿದು ನಿನ್ನೆ ಕ್ಷಮಾವಣಿ ಆಯಿತು. ಎಲ್ಲ ನೆಂಟರಿಗೆ ಕಳಿಸಿದ ಅಚ್ಚಿನ ಕಾರ್ಡನ್ನೇ ಇದರೊಳಗೆ ಇಟ್ಟಿದ್ದೇನೆ. ವರ್ಷದಲ್ಲಿ ತಿಳಿದೂ ತಿಳಿಯದೆಯೂ ಮಾಡಿದ ತಪ್ಪುಗಳಿಗೆ ಕ್ಷಮೆ ಕೇಳುವ ಅದೇ ನಾಲ್ಕು ಸಾಲು. ಸಹಿ ಮಾತ್ರ ನನ್ನದು.

ಮಳೆ ಬಹಳ. ಮಲಪ್ರಭೆ ತುಂಬಿ ಹರಿಯುತ್ತಿದೆ. ಗಿಡಗಳಿಗೆ ನಾಲ್ಕು ಗೂಟ ನೆಟ್ಟು ತಗಡು ಹೊದಿಸಿದ್ದೇನೆ. ಎಲೆಯ ಬೆನ್ನಿಗೆ ಕಬ್ಬಿಣದ ತುಕ್ಕಿನಂಥ ಚುಕ್ಕೆ ಬಿದ್ದಿವೆ. ಅಂಥ ಎಲೆ ತೆಗೆದು ಹಾಕದಿದ್ದರೆ ಗಿಡಕ್ಕೆಲ್ಲ ಹರಡುತ್ತದೆ. ಆದರೆ ಚಾತುರ್ಮಾಸದಲ್ಲಿ ಹಸಿರು ಎಲೆ ಕೀಳುವುದಿಲ್ಲ ಎಂಬ ನೇಮ ನಿನ್ನ ಅವ್ವನ ಜೊತೆ ನಾನೂ ಹಿಡಿದಿದ್ದೇನೆ. ಎರಡು ದಿನ ನೋಡುತ್ತ ನಿಂತೆ. ಮೂರನೆಯ ದಿನ ರೇಣವ್ವ ಗೋಡೆ ಹತ್ತಿ ಇಳಿದು ಬಂದಳು. "ನೀವು ಒಳಗ ನಡೀರಿ ಕಾಕಾ. ಪಾಪ ಎಲ್ಲಾ ನನ್ನ ಹೆಸರಿಗಿರಲಿ. ನಮ್ಮ ದೇವರು ಕುರಿ ಉಣ್ಣಾಂವ, ಒಂದ ಎಲಿಗೆ ಸಿಟ್ಟ ಆಗೂದಿಲ್ಲ" ಎಂದಳು. ಬುಟ್ಟಿ ತುಂಬ ಕಿತ್ತು ಒಯ್ದು ಸುಟ್ಟಳು.

ನಾಲ್ಕೂ ಉಳಿದಿವೆ.

ಇತಿ,
ಪಾಯಪ್ಪ


ನೆಹರು ನಗರ, ಬೆಳಗಾವಿ
4 ಫೆಬ್ರವರಿ 2001

ತೀರ್ಥರೂಪ ಅಪ್ಪನಿಗೆ ನಮಸ್ಕಾರಗಳು.

ಕಾಂಡ ಎದ್ದಿದೆ, ಮೂರು ಅಡಿ ನಾಲ್ಕು ಇಂಚು, ಎಲೆಯ ಕಂಕುಳಲ್ಲಿ ಬಟಾಣಿಯಷ್ಟು ಮೊಗ್ಗು ಎಂದು ನೀವು ಬರೆದದ್ದನ್ನು ನಾಲ್ಕು ಸಲ ಓದಿದೆ. ಕ್ಯಾಂಪಿಗೆ ಹೋಗಿ ಅಜ್ಜಿಗೂ ಹೇಳಿದೆ. ಮೊಗ್ಗಿನಿಂದ ಹೂವಿಗೆ ಮೂರು ವಾರ ಸಾಕು ಎಂದರು. ಯಾವ ಬಣ್ಣ ಬರುತ್ತದೆ ಎಂದು ಕೇಳಿದೆ. ತಾಯಿ ಗಿಡ ಕಡು ಕೆಂಪಾಗಿತ್ತು, ಆದರೆ ಇದರ ಬೀಜ ತಾಯಿಯ ಬಣ್ಣವನ್ನೇ ಕೊಡುತ್ತದೆ ಎಂಬ ಭರವಸೆ ಇಲ್ಲ, ಬಂದಾಗಲೇ ನೋಡಬೇಕು ಎಂದರು.

ಮಾತಾಜಿಯವರು ಏಪ್ರಿಲ್ ಆರಕ್ಕೆ, ಮಹಾವೀರ ಜಯಂತಿಯ ದಿನ, ಮೂವರಿಗೆ ದೀಕ್ಷೆ ಕೊಡುತ್ತಾರೆ. ನನ್ನನ್ನು ನಾಲ್ಕನೆಯವಳಾಗಿ ಬರೆದುಕೊಂಡಿದ್ದಾರೆ. ನಿಮ್ಮ ಕಾಗದವನ್ನು ಮಾರ್ಚ್ ಕೊನೆಯೊಳಗೆ ಒಯ್ದು ಕೊಡಬೇಕು.

ಶಿವರಾತ್ರಿಯ ರಜೆಗೆ ಬರುತ್ತೇನೆ.

ನಿಮ್ಮ ಮಗಳು,
ಸ್ನೇಹಲ


ಖಾನಾಪುರ
20 ಮಾರ್ಚ್ 2001

ಚಿ. ಸ್ನೇಹಲಳಿಗೆ ಆಶೀರ್ವಾದಗಳು.

ಶಿವರಾತ್ರಿಗೆ ನೀನು ನೋಡಿ ಹೋದ ಮೇಲೆಯೂ ಸಾಲಿನ ಮೂರು ಗಿಡಗಳಲ್ಲಿ ಮೊಗ್ಗು ನಿಲ್ಲುತ್ತಿಲ್ಲ. ಹುಳ ಇರಬಹುದು. ಬಿಸಿಲೂ ಹೆಚ್ಚು. ಕಲ್ಲಿನ ಹಿಂದಿನದು ನೆರಳಿನಲ್ಲಿರುವುದರಿಂದ ಹಿಂದೆ ಬಿದ್ದಿದೆ.

ನಿನ್ನ ಅವ್ವ ಕ್ಷೇಮ. ನಾನೂ ಕ್ಷೇಮ.

ಪಾಯಪ್ಪ


ನೆಹರು ನಗರ, ಬೆಳಗಾವಿ
10 ಏಪ್ರಿಲ್ 2001

ತೀರ್ಥರೂಪ ಅಪ್ಪನಿಗೆ ನಮಸ್ಕಾರಗಳು.

ಆರನೆಯ ತಾರೀಖು ಮೂವರ ದೀಕ್ಷೆ ಆಯಿತು. ನಾನು ಸಭೆಯಲ್ಲಿ ಕುಳಿತು ನೋಡಿದೆ. ತಲೆಗೂದಲು ಕೀಳುವ ಕೇಶಲೋಚದ ಹೊತ್ತಿಗೆ ಒಬ್ಬಳ ತಂದೆ ಎದ್ದು ಹೊರಗೆ ಹೋದರು. ಮುಗಿದ ಮೇಲೆ ಬಂದು ಮತ್ತೆ ತಮ್ಮ ಜಾಗದಲ್ಲೇ ಕುಳಿತರು.

ಮಾತಾಜಿಯವರು ನನಗೆ, "ಅಪ್ಪಂದು ಗಿಡಾ ಇನ್ನೂ ಹೂ ಬಿಟ್ಟಿಲ್ಲೇನ?" ಎಂದು ಕೇಳಿ ನಕ್ಕರು. ಬಿಟ್ಟ ದಿನ ಬಾ, ಮುಹೂರ್ತ ನೋಡುವುದು ಬೇಡ ಎಂದರು.

ಈ ತಿಂಗಳು ಊರಿಗೆ ಬರಲಾಗುವುದಿಲ್ಲ. ಲ್ಯಾಬಿನಲ್ಲಿ ಕೆಲಸ ಬಹಳ.

ಸ್ನೇಹಲ


ನೆಹರು ನಗರ, ಬೆಳಗಾವಿ
2 ಜುಲೈ 2001

ತೀರ್ಥರೂಪ ಅಪ್ಪ ಅವ್ವನಿಗೆ ನಮಸ್ಕಾರಗಳು.

ಜೂನ್ ಇಪ್ಪತ್ತೇಳರಂದು ಬೆಳಿಗ್ಗೆ ಮಾತಾಜಿಯವರ ಸಮಾಧಿಯಾಯಿತು. ಹತ್ತೊಂಬತ್ತು ದಿನಗಳ ಸಲ್ಲೇಖನ. ಕೊನೆಯ ಆರು ದಿನ ನೀರನ್ನೂ ಬಿಟ್ಟಿದ್ದರು. ರಜೆ ಹಾಕಿ ಅವರ ಹತ್ತಿರವೇ ಇದ್ದೆ. ಇಷ್ಟು ವರ್ಷ ಜನರ ತೋಳಿನಲ್ಲಿ ನಾಡಿ ಹುಡುಕಿದವಳು ನಾನು, ಅವರದನ್ನು ಮುಟ್ಟಲಿಲ್ಲ. ಅವರು ಕೇಳಿಸಿಕೊಳ್ಳುತ್ತಿರುವಷ್ಟು ಹೊತ್ತು ಣಮೋಕಾರ ಮಂತ್ರ ಹೇಳಿದೆ.

ಅವರ ಕೈಯಿಂದ ಇನ್ನು ಆಗುವುದಿಲ್ಲ.

ಗಿಡದ ವಿಷಯ ಬರೆಯಬೇಡಿ.

ಸ್ನೇಹಲ


ಖಾನಾಪುರ
3 ಸೆಪ್ಟೆಂಬರ್ 2001, ಕ್ಷಮಾವಣಿ

ಸ್ನೇಹಲ,

ಈ ವರ್ಷ ಕಾರ್ಡು ಇಟ್ಟಿಲ್ಲ. ತಿಳಿದೂ ತಿಳಿಯದೆಯೂ ಎಂದು ಅದರಲ್ಲಿ ಅಚ್ಚಾಗಿದೆ. ನಾನು ಮಾಡಿದ್ದು ತಿಳಿದೇ. ಅದನ್ನು ಕ್ರಮವಾಗಿ ಬರೆಯುತ್ತೇನೆ.

ಒಂದು. ಗುಲಖೈರಾ ಎರಡನೆಯ ವರ್ಷ ಹೂ ಬಿಡುತ್ತದೆ ಎಂಬ ಚೀಟಿಯನ್ನು ನಾನು ಓದಿದ್ದು 2000ದ ಏಪ್ರಿಲಿನಲ್ಲಲ್ಲ, 1999ರ ಅಕ್ಟೋಬರಿನಲ್ಲಿ. ನೀನು ಬೀಜ ಊರುವುದಕ್ಕೆ ಮೊದಲು. ಹೂ ಬಿಡಲಿ ಎಂಬ ಮಾತನ್ನು ನಿನ್ನ ಮುಂದೆ ಇಟ್ಟಾಗ ನನಗೆ ಅದು ಗೊತ್ತಿತ್ತು. ಒಂದು ವರ್ಷ ಸಿಕ್ಕರೆ ನಿನ್ನ ಮನಸ್ಸು ತಿರುಗಬಹುದು ಎಂದುಕೊಂಡೆ.

ಎರಡು. ಮೊಗ್ಗು ತಿಂದದ್ದು ಹುಳವಲ್ಲ. ಫೆಬ್ರವರಿ ಹನ್ನೊಂದರಂದು, ನಿನ್ನ ಅವ್ವ ಬಸದಿಗೆ ಹೋದಾಗ, ಸಾಲಿನ ಮೂರು ಗಿಡಗಳ ತುದಿಯನ್ನು ಹೆಬ್ಬೆರಳ ಉಗುರಿನಿಂದ ಚಿವುಟಿದೆ. ಪಕ್ಕದಿಂದ ಮತ್ತೆ ಮೊಗ್ಗು ಬಂದವು. ಮತ್ತೆ ಚಿವುಟಿದೆ. ಒಟ್ಟು ಐದು ಸಲ. ಚಿವುಟಿದಲ್ಲಿ ಬೆಂಡೆಕಾಯಿಯಂಥ ಲೋಳೆ ಬರುತ್ತದೆ. ತೊಳೆದರೂ ಬೆರಳಿಗೆ ಅಂಟು ಉಳಿಯುತ್ತದೆ. ಅದೇ ಕೈಯಿಂದ ಉಂಡಿದ್ದೇನೆ. ಡಿಪೋದಲ್ಲಿ ಮೂವತ್ತೆರಡು ವರ್ಷ ಕಡಿದ ಸಾಗವಾನಿ, ಮತ್ತಿ, ನಂದಿ ಅಳೆದು ಪಾಸು ಬರೆದೆ. ನನ್ನ ಕೈ ಕಡಿಯಲಿಲ್ಲವಲ್ಲ ಎಂದು ಸಮಾಧಾನ ಇತ್ತು. ಈ ಸಲ ಅದು ಇಲ್ಲ.

ಮೂರು. ಕಲ್ಲಿನ ಹಿಂದಿನ ಗಿಡವನ್ನು ನಾನು ಮುಟ್ಟಲಿಲ್ಲ. ನಿನ್ನ ಕೈಯಿಂದ ಜಾರಿ ಬಿದ್ದದ್ದು ಎಂಬ ಕಾರಣಕ್ಕಿರಬೇಕು. ಏಪ್ರಿಲ್ ಹತ್ತೊಂಬತ್ತರಂದು ಅದು ಹೂ ಬಿಟ್ಟಿತು. ಹನ್ನೊಂದು ದಿನಗಳಲ್ಲಿ ನಾಲ್ಕು ಹೂ. ಅಂದು ನಾನು ಟ್ರಂಕು ತೆಗೆದು ಬರೆಯಬೇಕಾಗಿತ್ತು. ಮಾತಾಜಿಯವರು ಆಗ ಇದ್ದರು. ನಾನು ಬರೆಯಲಿಲ್ಲ.

ಮೊದಲ ದಿನ ಬೆಳಿಗ್ಗೆ ಹಿತ್ತಲಿಗೆ ಹೋದಾಗ ನಿನ್ನ ಅವ್ವ ಒಗೆದ ಸೀರೆಯನ್ನು ಆ ಗಿಡದ ಮುಂದೆ ಹರವುತ್ತಿದ್ದಳು. ಯಾವಾಗಲೂ ಹರವುವ ತಂತಿ ಆ ಕಡೆ ಇಲ್ಲ. ಎರಡು ಗೂಟಕ್ಕೆ ಹಗ್ಗ ಕಟ್ಟಿಕೊಂಡಿದ್ದಳು. ರೇಣವ್ವ ಗೋಡೆಯಿಂದ, "ಏನ ಕಾಕೂ, ಬಿಸಲ ಈ ಕಡೆ ಐತಿ, ಅರಬಿ ನೆಳ್ಳಿಗೆ ಒಣಗಸ್ತೀರಿ?" ಎಂದು ಕೇಳಿದಳು. "ಬಿಸಲಿಗೆ ಬಣ್ಣಾ ಹೋಗತೈತವಾ" ಎಂದಳು ನಿನ್ನ ಅವ್ವ. ಅದು ಬಣ್ಣವೇ ಇಲ್ಲದ ಹಳೆಯ ಸೀರೆ. ಹನ್ನೊಂದು ದಿನ ದಿನವೂ ಅಲ್ಲಿ ಸೀರೆ ಇತ್ತು. ಅವಳು ನನ್ನನ್ನು ಏನೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ನಾಚಿಕೆಯಿಂದ ನಾನು ಹೂವನ್ನು ನೇರ ನೋಡಲಿಲ್ಲ. ಸೀರೆಯ ಹಿಂದೆ ಏನೋ ದುಂಡಗೆ ಅರಳಿದ್ದು ಕಂಡಿತು, ಅಷ್ಟೇ.

ಬೀಜ ಬಲಿಯುವ ಮೊದಲು ಮೇ ತಿಂಗಳ ಆಲಿಕಲ್ಲಿನ ಮಳೆಗೆ ಕಾಂಡ ಮುರಿಯಿತು. ಸಾಲಿನ ಮೂರೂ ಈ ಮಳೆಗಾಲದಲ್ಲಿ ಬೇರು ಕೊಳೆತು ಹೋದವು. ತಗಡು ಹೊದಿಸಿದ್ದೆ. ಈಗ ಹಿತ್ತಲಲ್ಲಿ ಒಂದೂ ಇಲ್ಲ. ಒಂದು ಬೀಜವೂ ಉಳಿದಿಲ್ಲ.

ಮಾತಾಜಿಯವರ ಕೈಯನ್ನು ನಿನಗೆ ತಪ್ಪಿಸಿದವನು ನಾನು. ಕ್ಷಮೆ ಕೇಳುವ ದಿನ ಇದೆ ಎಂಬ ಕಾರಣಕ್ಕೆ ಕೇಳುತ್ತಿಲ್ಲ. ಕೊಡಬೇಕೆಂದೂ ಇಲ್ಲ.

ಪಾಯಪ್ಪ


ನೆಹರು ನಗರ, ಬೆಳಗಾವಿ
30 ಸೆಪ್ಟೆಂಬರ್ 2001

ಅಪ್ಪಾ,

ಉತ್ತರ ಬರೆಯಲು ನಾಲ್ಕು ವಾರ ಬೇಕಾಯಿತು. ಅದಕ್ಕೆ ಮೊದಲು ಕ್ಷಮೆ ಇರಲಿ.

ಶಿವರಾತ್ರಿಗೆ ಬಂದಾಗ ನಾನು ನೋಡಿದ್ದೆ. ಹುಳ ತಿಂದದ್ದಕ್ಕೂ ಉಗುರು ತಾಗಿದ್ದಕ್ಕೂ ವ್ಯತ್ಯಾಸ ತಿಳಿಯದಷ್ಟು ಕಣ್ಣು ನನಗೆ ಕೆಟ್ಟಿಲ್ಲ. ಮೂರು ಗಿಡದಲ್ಲೂ ಒಂದೇ ಅಳತೆಯಲ್ಲಿ, ಎಲೆಯ ಬುಡದಿಂದ ಕಾಲು ಇಂಚು ಬಿಟ್ಟು ಚಿವುಟಿತ್ತು. ನಮ್ಮ ಮನೆಯಲ್ಲಿ ಅಷ್ಟು ನೀಟಾಗಿ ಚಿವುಟುವವರು ಒಬ್ಬರೇ. ನೀವು ಬಾಗಿಲಲ್ಲಿ ನಿಂತು ನನ್ನನ್ನು ನೋಡುತ್ತಿದ್ದಿರಿ. ನಾನು "ಹುಳಾ ಬಿದ್ದಾವ ಕಾಣಸ್ತದ" ಎಂದೆ. ಹುಳ ಎಂಬ ಮಾತನ್ನು ಮೊದಲು ಹೇಳಿದವಳು ನಾನು. ನೀವು ಅದನ್ನೇ ಪತ್ರದಲ್ಲಿ ಬರೆದಿರಿ.

ಯಾಕೆ ಹಾಗೆ ಹೇಳಿದೆ ಎಂದು ಜೂನ್ ತಿಂಗಳಿಂದ ಯೋಚಿಸಿದ್ದೇನೆ. ಆ ಉಗುರಿನ ಗುರುತು ಕಂಡಾಗ ನನಗೆ ಸಿಟ್ಟು ಬರಲಿಲ್ಲ. ಸಂತೋಷವಾಯಿತು. ಹಿಡಿದು ನಿಲ್ಲಿಸುವಷ್ಟು ಬೇಕಾಗಿದ್ದೇನೆ ಎಂಬ ಸಂತೋಷ. ಸಾಂಗಲಿಯವರು ಬೇಡ ಎಂದ ಮೇಲೆ ಅಂಥದೊಂದು ನನಗೆ ಬೇಕಿತ್ತು ಎಂದು ತೋರುತ್ತದೆ. ಏಪ್ರಿಲಿನಲ್ಲಿ ಕೆಲಸ ಬಹಳ ಎಂದು ಬರೆದೆ. ಅಷ್ಟೇನೂ ಇರಲಿಲ್ಲ. ಖಾನಾಪುರಕ್ಕೆ ಬಸ್ಸು ಒಂದು ತಾಸು. ಬಂದಿದ್ದರೆ ಹೂ ನೋಡುತ್ತಿದ್ದೆ, ನೋಡಿದರೆ ಹೋಗಬೇಕಾಗುತ್ತಿತ್ತು. ಮಾತಾಜಿಯವರ ಕೈ ತಪ್ಪಿದ್ದರಲ್ಲಿ ಅರ್ಧ ನನ್ನದು. ನೀವು ಒಬ್ಬರೇ ಹೊರಬೇಡಿ. ನಾನು ಸುಮ್ಮನಿದ್ದುದರಿಂದ ನೀವು ಮತ್ತೆ ಮತ್ತೆ ಚಿವುಟಬೇಕಾಯಿತು. ಅದಕ್ಕೆ ನಾನು ಕ್ಷಮೆ ಕೇಳುತ್ತೇನೆ.

ಈಗ ಹೇಳಬೇಕಾದ್ದು. ಮಾತಾಜಿಯವರ ಹಿರಿಯ ಶಿಷ್ಯೆ ಈ ಚಾತುರ್ಮಾಸ ಇಲ್ಲೇ ಬೆಳಗಾವಿಯಲ್ಲಿದ್ದಾರೆ. ದೀಪಾವಳಿಯ ನಂತರ ಅವರ ಕೈಯಿಂದ ತೆಗೆದುಕೊಳ್ಳುತ್ತೇನೆ. ಈ ಸಲ ಯಾರಿಗೂ ಬೇಡವಾಗಿ ಹೋಗುತ್ತಿಲ್ಲ. ಅದು ನನಗೆ ಖಚಿತವಾಗಿದೆ. ಖಚಿತ ಮಾಡಿದ್ದು ನಿಮ್ಮ ಉಗುರು. ಗಿಡದ ಮಾತನ್ನು ಬಿಟ್ಟುಬಿಡೋಣ. ಒಪ್ಪಿಗೆಯನ್ನು ಬರೆದು ಕೊಡಿ, ಇಲ್ಲವೆ ಬರೆಯುವುದಿಲ್ಲ ಎಂದು ತಿಳಿಸಿ. ನೀವು ಕೊಡದಿದ್ದರೆ ಹೋಗುವುದಿಲ್ಲ.

ದೀಕ್ಷೆಯ ನಂತರ ಮನೆಯವರು ಎಂಬುದಿಲ್ಲ. ಪತ್ರ ಬರೆಯುವುದಿಲ್ಲ, ಬಂದರೂ ಓದುವುದಿಲ್ಲ. ಹಿತ್ತಲ ನೆನಪನ್ನೂ ಇಟ್ಟುಕೊಳ್ಳಬಾರದು. ಆದ್ದರಿಂದ ಅದಕ್ಕೆ ಮೊದಲು ಒಂದು ಕೇಳುತ್ತೇನೆ.

ಯಾವ ಬಣ್ಣ ಇತ್ತು?

ಸ್ನೇಹಲ


ಖಾನಾಪುರ
16 ನವೆಂಬರ್ 2001

ಕೆಳಗೆ ಸಹಿ ಮಾಡಿದ ನಾನು, ಪಾಯಪ್ಪ, ವಯಸ್ಸು ಅರವತ್ತೆರಡು, ಅರಣ್ಯ ಇಲಾಖೆಯ ಕಟ್ಟಿಗೆ ಡಿಪೋದ ನಿವೃತ್ತ ಗುಮಾಸ್ತ, ವಾಸ ಖಾನಾಪುರ, ಬರೆದು ಕೊಡುವುದೇನೆಂದರೆ:

ನನ್ನ ಮಗಳು ಕುಮಾರಿ ಸ್ನೇಹಲ, ವಯಸ್ಸು ಇಪ್ಪತ್ತೊಂಬತ್ತು, ತನ್ನ ಸ್ವಂತ ಇಚ್ಛೆಯಿಂದ ಆರ್ಯಿಕಾ ದೀಕ್ಷೆ ಪಡೆಯಲು ನನ್ನ ಪೂರ್ಣ ಒಪ್ಪಿಗೆ ಇದೆ. ಹಿಂದೆ ನಾನು ಬಾಯಿಮಾತಿನಿಂದ ಹಾಕಿದ್ದ ಷರತ್ತನ್ನು ಹಿಂತೆಗೆದುಕೊಂಡಿದ್ದೇನೆ. ಅದು ಪೂರೈಸಿತ್ತು. ತಡ ಮಾಡಿದವನು ನಾನು.

ಮಗಳ ತಾಯಿ ಸುಂದರಾಬಾಯಿಯ ಸಹಿ ಈ ಕಾಗದದ ಮೇಲೆ ಎರಡು ವರ್ಷದ ಹಿಂದೆಯೇ ಆಗಿದೆ. ಇವತ್ತು ಮತ್ತೆ ಓದಿ ಕೇಳಿಸಿದ್ದೇನೆ. ಅದೇ ಇರಲಿ ಎಂದಿದ್ದಾಳೆ.

(ಸಹಿ) ಪಾಯಪ್ಪ
(ಸಹಿ) ಸುಂದರಾಬಾಯಿ

ಬೇರೆ ಹಾಳೆ. ಇದನ್ನು ಓದಿ ಹರಿದುಹಾಕು.

ಬಣ್ಣ ನನಗೆ ಗೊತ್ತಿರಲಿಲ್ಲ. ನಿನ್ನ ಅವ್ವನನ್ನು ಕೇಳಬೇಕಾಯಿತು. ಏಪ್ರಿಲಿನಿಂದ ನಾವು ಆ ಗಿಡದ ಮಾತು ಆಡಿರಲಿಲ್ಲ. ಒಗೆಯುವ ಕಲ್ಲಿನ ಹತ್ತಿರ ಅವಳು ಪಾತ್ರೆ ತಿಕ್ಕುತ್ತಿದ್ದಳು. ನಾನು ಕೇಳಿದೆ. ಬಹಳ ಹೊತ್ತು ನೀರು ಸುರಿದಳು. ಆಮೇಲೆ ಹೇಳಿದಳು:

"ತಿಳಿ ಗುಲಾಬಿ. ನಡುವ ಅಷ್ಟ ಕೆಂಪಿತ್ತು, ಕುಂಕುಮದ ಬೊಟ್ಟಿನಷ್ಟ. ನಾ ದಿನಾ ಸೀರಿ ಸರಸಿ ನೋಡತಿದ್ದೆ. ಅಕಿಗೆ ಹಂಗ ಬರೀರಿ."

ಹಾಗೇ ಬರೆದಿದ್ದೇನೆ.